ಮೊದಲ ಕೆಲಸಕ್ಕೆ ಸರ್ಟಿಫಿಕೇಟಿನ ಜೊತೆ ಅದಬ್ ಕೂಡ ಬೇಕು

(ಜುಮಾ ಖುತ್ಬಾಕ್ಕೆ ಮುನ್ನ ನೀಡಿದ ಕನ್ನಡ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಪಿಯುಸಿ, ಡಿಗ್ರಿ, ಐಟಿಐ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ನನ್ನ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚಾಗುತ್ತವೆ. ತಂದೆ ಬರುತ್ತಾರೆ, ಹಿಂದೆ ಮಗ ನಿಂತಿರುತ್ತಾನೆ. "ಹಝ್ರತ್, ನಿಮಗೆ ಗೊತ್ತಿರುವವರಿಗೆ ಒಂದು ಮಾತು ಹೇಳಿ. ಎಲ್ಲಾದರೂ ಒಂದು ಕೆಲಸ ಆಗಲಿ" ಎನ್ನುತ್ತಾರೆ. ನಾನು ಮಗನನ್ನು ಕೇಳುತ್ತೇನೆ, "ಏನು ಓದಿದ್ದೀಯಪ್ಪಾ?" ಉತ್ತರ ತಂದೆಯಿಂದ ಬರುತ್ತದೆ. "ಯಾವ ಕೆಲಸ ಮಾಡಬೇಕು ಅಂತ ಮನಸ್ಸಿದೆ?" ಅದಕ್ಕೂ ತಂದೆಯೇ ಉತ್ತರಿಸುತ್ತಾರೆ. ಹುಡುಗ ನೆಲ ನೋಡುತ್ತಾ ನಿಂತಿರುತ್ತಾನೆ.

ಇಂದಿನ ಮಾತು ಆ ಹುಡುಗನ ಬಗ್ಗೆ. ಸ್ವಲ್ಪ ನನ್ನ ಬಗ್ಗೆಯೂ.

ಎರಡು ವರ್ಷಗಳ ಹಿಂದೆ ಹೀಗೇ ಬಂದ ಒಬ್ಬ ಹುಡುಗನ ಪರವಾಗಿ ನಾನು ಮಾತು ಹೇಳಿದೆ. ಬಿ.ಕಾಂ. ಪಾಸಾಗಿದ್ದ, ಒಳ್ಳೆಯ ಅಂಕಗಳಿದ್ದವು, ಐದು ಹೊತ್ತು ನಮಾಝಿನ ಹುಡುಗ. ಔಷಧಿ ಏಜೆನ್ಸಿ ನಡೆಸುವ ಒಬ್ಬರು ನನಗೆ ಬಹಳ ವರ್ಷಗಳಿಂದ ಪರಿಚಿತರು. ಅವರು ನಮ್ಮ ಸಮುದಾಯದವರಲ್ಲ. ನನ್ನ ಮಾತಿನ ಮೇಲೆ ವಿಶ್ವಾಸವಿಟ್ಟು ಹುಡುಗನನ್ನು ಬಿಲ್ಲಿಂಗ್ ಕೆಲಸಕ್ಕೆ ತೆಗೆದುಕೊಂಡರು. ಎಂಟು ದಿನ ಹೋದ. ಒಂಬತ್ತನೆಯ ದಿನ ಹೋಗಲಿಲ್ಲ. ಫೋನ್ ಸ್ವಿಚ್ ಆಫ್. ಸ್ಟಾಕ್ ರೂಮಿನ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಆ ದಿನ ಏಜೆನ್ಸಿಯವರು ಬೀಗ ಒಡೆಸಿ ಮಾಲು ತೆಗೆದರಂತೆ. ಮೂರನೆಯ ದಿನ ಹುಡುಗನ ತಮ್ಮ ಆ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಹೋದ. ಅದನ್ನು ಹಿಂದಿರುಗಿಸಲು ನಾನೇ ಹೋದೆ.

ಅವರು ಕೂರಿಸಿ ಚಹಾ ತರಿಸಿದರು. ಆಮೇಲೆ ಹೇಳಿದರು: "ಹುಡುಗ ಕಳ್ಳನಲ್ಲ ಗುರುಗಳೇ, ದಡ್ಡನೂ ಅಲ್ಲ. ಆದರೆ ಬಾಯಿ ಬಿಡದವನನ್ನು ಇಟ್ಟುಕೊಂಡು ವ್ಯಾಪಾರ ಹೇಗೆ ಮಾಡಲಿ? ಬೇಜಾರು ಮಾಡಿಕೊಳ್ಳಬೇಡಿ, ಇನ್ನು ಮುಂದೆ ಯಾರನ್ನೂ ಕಳಿಸಬೇಡಿ."

ಸಹೋದರರೇ, ಆ ಬಾಗಿಲು ಒಬ್ಬನಿಗೆ ಮುಚ್ಚಲಿಲ್ಲ. ಅವನ ನಂತರ ಬರಬೇಕಿದ್ದ ಎಷ್ಟೋ ಹುಡುಗರಿಗೆ ಮುಚ್ಚಿತು.

ಆಮೇಲೆ ಹುಡುಗನನ್ನು ಕರೆದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಹೇಳಿದ, ಎಂಟನೆಯ ದಿನ ಒಂದು ಬಿಲ್ಲಿನಲ್ಲಿ ತಪ್ಪು ಪ್ರಮಾಣ ಹಾಕಿದ್ದನಂತೆ. ಮ್ಯಾನೇಜರ್ ನಾಲ್ಕು ಜನರ ಎದುರು ಗದರಿದರಂತೆ. ಇವನಿಗೆ ನಾಚಿಕೆಯಾಯಿತು. ಮರುದಿನ ಮುಖ ತೋರಿಸಲು ಆಗಲಿಲ್ಲ. "ತಪ್ಪಾಯಿತು ಸಾರ್, ಎಲ್ಲಿ ತಪ್ಪಿದೆ ಅಂತ ತೋರಿಸಿಕೊಡಿ ಅಂತ ಕೇಳಬಹುದಿತ್ತಲ್ಲ?" ಎಂದೆ. "ಹಾಗೆ ಕೇಳಬಹುದು ಅಂತ ಗೊತ್ತಿರಲಿಲ್ಲ ಹಝ್ರತ್" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಹುಡುಗ ಆರು ವರ್ಷ ನನ್ನ ಮಕ್ತಬಿನಲ್ಲೇ ಓದಿದವನು. ಸಬಕ್ ಮರೆತ ಮಗುವನ್ನು ನಾನು ಎಲ್ಲರೆದುರು ನಿಲ್ಲಿಸುತ್ತಿದ್ದೆ. ಗದರುತ್ತಿದ್ದೆ. ಮರುದಿನ ಕೆಲವು ಮಕ್ಕಳು ಬರುತ್ತಲೇ ಇರಲಿಲ್ಲ. ತಪ್ಪಾದಾಗ ಏನು ಮಾತನಾಡಬೇಕು ಎಂದು ನಾನು ಅವರಿಗೆ ಕಲಿಸಲಿಲ್ಲ. ತಪ್ಪಾದಾಗ ಅಡಗಿಕೊಳ್ಳುವುದನ್ನು ಕಲಿಸಿದೆ. ಅವನು ಏಜೆನ್ಸಿಯಲ್ಲಿ ಮಾಡಿದ್ದು ನನ್ನ ಬಳಿ ಕಲಿತದ್ದನ್ನೇ.

ನಮ್ಮ ಆದಿಪಿತ ಹಝ್ರತ್ ಆದಮ್(ಅ)ರ ವೃತ್ತಾಂತ ನೆನಪಿಸಿಕೊಳ್ಳಿ. ಇಬ್ಲೀಸನೂ ತಪ್ಪು ಮಾಡಿದ, ಆದಮ್(ಅ)ರಿಂದಲೂ ತಪ್ಪಾಯಿತು. ಇಬ್ಲೀಸ್ ವಾದಕ್ಕಿಳಿದ. ತಾನು ಬೆಂಕಿಯಿಂದ ಹುಟ್ಟಿದವನು ಎಂದು ನೆಪ ಹೇಳಿದ. ಆದಮ್(ಅ) ಮತ್ತು ಹವ್ವಾ(ಅ) ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಇನ್ನೊಂದು ವಿಷಯ ಗಮನಿಸಿ. ಆದಮ್(ಅ) ತಮ್ಮ ಪ್ರಭುವಿನಿಂದಲೇ ಕೆಲವು ವಚನಗಳನ್ನು ಕಲಿತು ಪಶ್ಚಾತ್ತಾಪಪಟ್ಟರು ಎಂದು ಸೂರಃ ಬಕರಾ ತಿಳಿಸುತ್ತದೆ. ಅಂದರೆ ಕ್ಷಮೆ ಕೇಳುವ ಮಾತು ಕೂಡ ಕಲಿಸಿಕೊಡಬೇಕಾದ ಮಾತು. ಮನುಷ್ಯ ತಾನಾಗಿ ಕಲಿತುಕೊಳ್ಳಲಿ ಎಂದು ಅಲ್ಲಾಹನು ಬಿಡಲಿಲ್ಲ. ನಾವು ಮಾತ್ರ ನಮ್ಮ ಮಕ್ಕಳನ್ನು ಹಾಗೆ ಬಿಟ್ಟಿದ್ದೇವೆ.

ಇಂದು ಕಂಪನಿಗಳಲ್ಲಿ, ಕಾಲೇಜುಗಳಲ್ಲಿ "ಸಾಫ್ಟ್ ಸ್ಕಿಲ್ಸ್" ಎಂಬ ಮಾತನ್ನು ಪದೇ ಪದೇ ಕೇಳುತ್ತೀರಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆಯ ತರಬೇತಿ ವಿಭಾಗದಲ್ಲಿ ಚರ್ಚೆಯಾದ ಪದ ಅದು. ಯಂತ್ರ ನಡೆಸುವ ಕೌಶಲ ಒಂದು ಬಗೆಯದು, ಜನರೊಡನೆ ನಡೆಸುವ ಕೆಲಸದ ಕೌಶಲ ಇನ್ನೊಂದು ಬಗೆಯದು ಎಂದು ಅವರು ವಿಂಗಡಿಸಿದರು. ಈಗ ನಮ್ಮ ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯುವವರಿಗೂ "ಎಂಪ್ಲಾಯಬಿಲಿಟಿ ಸ್ಕಿಲ್ಸ್" ಎಂಬ ವಿಷಯ ಪಠ್ಯದಲ್ಲೇ ಇದೆ. ಹೊತ್ತಿಗೆ ಸರಿಯಾಗಿ ಬರುವುದು, ಎದುರಿನವರ ಮಾತು ಪೂರ್ತಿ ಕೇಳುವುದು, ತನ್ನ ಮಾತು ಸ್ಪಷ್ಟವಾಗಿ ಹೇಳುವುದು, ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವುದು, ಸಿಟ್ಟು ನುಂಗುವುದು, ಜೊತೆಯವರೊಡನೆ ಹೊಂದಿಕೊಳ್ಳುವುದು. ಇಷ್ಟೇ ಅದು. ನಮ್ಮ ಹಿರಿಯರು ಇದನ್ನು ಅದಬ್ ಎಂದು ಕರೆದರು.

ಮೊದಲ ಕೆಲಸದಲ್ಲಿ ಇದಕ್ಕೆ ಯಾಕಿಷ್ಟು ಬೆಲೆ? ಹತ್ತು ವರ್ಷ ಅನುಭವ ಇರುವವನು ಹೋದರೆ ಅವನು ಹಿಂದೆ ಮಾಡಿದ ಕೆಲಸ ಅವನ ಪರವಾಗಿ ಮಾತನಾಡುತ್ತದೆ. ಹೊಸಬನ ಕೈಯಲ್ಲಿ ಏನಿದೆ? ಅವನಲ್ಲಿರುವಂಥದೇ ಅಂಕಪಟ್ಟಿ ಇನ್ನೂ ಹತ್ತಾರು ಹುಡುಗರ ಕೈಯಲ್ಲಿದೆ. ಆಗ ಕೆಲಸ ಕೊಡುವವರು ನೋಡುವುದು ಅವನು ಬಂದ ಹೊತ್ತನ್ನು, ಕೂತ ರೀತಿಯನ್ನು, ಉತ್ತರ ಕೊಟ್ಟ ಬಗೆಯನ್ನು. ಕೆಲಸ ಕಲಿಸಬಹುದು, ಆದರೆ ಈ ಮನುಷ್ಯನನ್ನು ನಂಬಬಹುದೇ ಎಂಬುದು ಅವರ ಪ್ರಶ್ನೆ. ಮೊದಲ ಕೆಲಸ ಎನ್ನುವುದು ಅವರು ನಮ್ಮ ಕೈಯಲ್ಲಿ ಇಡುವ ಅಮಾನತು.

ಹಝ್ರತ್ ಮೂಸಾ(ಅ)ರಿಗೆ ಕೆಲಸ ಸಿಕ್ಕಿದ್ದು ಹೇಗೆ? ಸೂರಃ ಕಸಸ್ ಓದಿ ನೋಡಿ. ಈಜಿಪ್ಟಿನಿಂದ ಪಾರಾಗಿ ಮದ್‌ಯನ್‌ಗೆ ಬಂದಿದ್ದರು. ಪರ ಊರು, ಗುರುತಿನವರು ಯಾರೂ ಇಲ್ಲ. ಬಾವಿಯ ಬಳಿ ಕುರುಬರ ನೂಕುನುಗ್ಗಲು. ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ದೂರ ನಿಂತಿದ್ದರು. ಮೂಸಾ(ಅ) ಅವರ ವಿಷಯವೇನೆಂದು ಕೇಳಿದರು, ಉತ್ತರ ಕೇಳಿಸಿಕೊಂಡರು, ಕುರಿಗಳಿಗೆ ನೀರುಣಿಸಿದರು. ಕೂಲಿ ಕೇಳದೆ ನೆರಳಿಗೆ ಹೋಗಿ ಅಲ್ಲಾಹನಲ್ಲಿ ಬೇಡಿಕೊಂಡರು. ಆ ಹೆಣ್ಣುಮಕ್ಕಳಲ್ಲಿ ಒಬ್ಬರು ತಂದೆಯ ಬಳಿ ಇವರನ್ನು ಕೆಲಸಕ್ಕಿಟ್ಟುಕೊಳ್ಳಲು ಹೇಳಿದಾಗ ಕೊಟ್ಟ ಕಾರಣ ಎರಡು: ಬಲಶಾಲಿ, ನಂಬಿಕಸ್ಥ. ಬಲವೆಂದರೆ ಕೆಲಸದ ಸಾಮರ್ಥ್ಯ. ನಂಬಿಕೆ ಎಂದರೆ ನಡತೆ. ಎರಡೂ ಒಟ್ಟಿಗೆ ಬೇಕು. ಬರೀ ನಯವಾದ ಮಾತಿನವನು ನೀರು ಸೇದಲಾರ. ಬರೀ ಬಲ ಇದ್ದವರು ಬಾವಿಯ ಬಳಿ ಆಗಲೇ ನೂಕಾಡುತ್ತಿದ್ದರು.

ಆ ಹಿರಿಯರು ಕೆಲಸದ ಷರತ್ತನ್ನೂ ಮೊದಲೇ ಮಾತಾಡಿದರು. ಎಂಟು ವರ್ಷ, ಹತ್ತು ಮಾಡಿದರೆ ಅದು ನಿನ್ನ ಇಷ್ಟ ಎಂದರು. ಮೂಸಾ(ಅ) ಸ್ಪಷ್ಟವಾಗಿ ಒಪ್ಪಿಕೊಂಡರು. ನಮ್ಮ ಹುಡುಗರು ಸಂಬಳ ಎಷ್ಟು, ಹೊತ್ತು ಎಷ್ಟು ಎಂದು ಕೇಳಲು ಸಂಕೋಚಪಡುತ್ತಾರೆ. ತಿಂಗಳ ಕೊನೆಗೆ ಜಗಳವಾಡುತ್ತಾರೆ. ಮೊದಲೇ ವಿನಯದಿಂದ ಕೇಳುವುದು ದುರಾಸೆಯಲ್ಲ.

ಕೆಲವರು ಹೇಳುತ್ತಾರೆ, "ನನಗೆ ಮಾತಾಡಲು ಬರುವುದಿಲ್ಲ, ಏನು ಮಾಡಲಿ?" ಇದೇ ಮೂಸಾ(ಅ)ರು ತಮ್ಮ ನಾಲಗೆಯ ತೊಡಕು ಬಿಡಿಸುವಂತೆ ಅಲ್ಲಾಹನಲ್ಲಿ ಕೇಳಿಕೊಂಡವರು. ತಮಗಿಂತ ಚೆನ್ನಾಗಿ ಮಾತನಾಡುವ ಸೋದರ ಹಾರೂನ್(ಅ)ರನ್ನು ಜೊತೆಗೆ ಕೊಡುವಂತೆ ಬೇಡಿದವರು. ಪ್ರವಾದಿಯಾದವರೇ ತಮ್ಮ ಕೊರತೆಯನ್ನು ಮುಚ್ಚಿಡಲಿಲ್ಲ, ಅದನ್ನೇ ನೆಪ ಮಾಡಿ ಮನೆಯಲ್ಲಿ ಕೂರಲೂ ಇಲ್ಲ. ಇನ್ನೊಂದು ಕಡೆ ಹಝ್ರತ್ ಯೂಸುಫ್(ಅ)ರನ್ನು ನೋಡಿ. ನಾಡಿನ ಭಂಡಾರದ ಹೊಣೆ ತನಗೆ ಕೊಡಿ ಎಂದು ರಾಜನಿಗೆ ಹೇಳುವಾಗ ತಾವು ಕಾಪಾಡಬಲ್ಲವರು, ವಿಷಯ ಬಲ್ಲವರು ಎಂದು ಆ ಕೆಲಸಕ್ಕೆ ಬೇಕಾದ ಎರಡು ಗುಣಗಳನ್ನು ಮಾತ್ರ ಹೇಳಿದರು. ಹೊಗಳಿಕೊಳ್ಳಲಿಲ್ಲ, ಕುಗ್ಗಲೂ ಇಲ್ಲ.

ನಾನು ಆಲಿಮ್ ಕೋರ್ಸ್ ಮುಗಿಸಿ, ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿಕೊಂಡು, ಒಂದು ಶಾಲೆಗೆ ಸಂದರ್ಶನಕ್ಕೆ ಹೋಗಿದ್ದೆ. "ನಿಮ್ಮ ಬಗ್ಗೆ ಹೇಳಿ" ಎಂದರು. ನನ್ನ ಹೆಸರು, ತಂದೆಯ ಹೆಸರು, ಊರು ಹೇಳಿ ನಿಂತುಬಿಟ್ಟೆ. ಮಿಂಬರಿನ ಮೇಲೆ ಅರ್ಧ ಗಂಟೆ ಮಾತನಾಡುವ ನನಗೆ ಮೇಜಿನ ಆಚೆ ಕೂತ ಮೂವರ ಮುಂದೆ ನಾಲ್ಕು ವಾಕ್ಯ ಬರಲಿಲ್ಲ. ಕೆಲಸ ಸಿಗಲಿಲ್ಲ. ತಪ್ಪು ಅವರದಾಗಿರಲಿಲ್ಲ.

ಯುವಕರೇ, ಆ ನಾಲ್ಕು ವಾಕ್ಯ ಈಗಲೇ ಸಿದ್ಧ ಮಾಡಿಕೊಳ್ಳಿ. ನಾನು ಯಾರು, ಏನು ಓದಿದ್ದೇನೆ, ಏನು ಮಾಡಿದ್ದೇನೆ, ನಿಮ್ಮಲ್ಲಿ ಯಾವ ಕೆಲಸ ಮಾಡಲು ಬಯಸುತ್ತೇನೆ. "ಏನು ಮಾಡಿದ್ದೇನೆ" ಎಂಬಲ್ಲಿ ನೀವು ಸುಮ್ಮನಾಗುತ್ತೀರಿ, ಅನುಭವ ಇಲ್ಲ ಎನ್ನುತ್ತೀರಿ. ರಮಝಾನಿನಲ್ಲಿ ಇದೇ ಮಸೀದಿಯಲ್ಲಿ ಮುನ್ನೂರು ಜನರಿಗೆ ಇಫ್ತಾರ್ ಬಡಿಸಿದವರು ಯಾರು? ಖರ್ಜೂರ ಎಣಿಸಿ, ಸಾಲು ಹಿಡಿಸಿ, ಹತ್ತು ನಿಮಿಷದಲ್ಲಿ ಜಾಗ ಸ್ವಚ್ಛ ಮಾಡಿ ಸಫ್ ಹಾಸಿದವರು ಯಾರು? ಅಬ್ಬಾನ ಪಂಕ್ಚರ್ ಅಂಗಡಿಯಲ್ಲಿ, ಸಂತೆಯ ಬಟ್ಟೆ ಅಂಗಡಿಯಲ್ಲಿ ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಿದವರು ಯಾರು? ಅದೇ ಅನುಭವ. ನಾಚಿಕೆಯಿಲ್ಲದೆ ಹೇಳಿ. ಆದರೆ ಮಾಡದ್ದನ್ನು ಮಾಡಿದೆ ಎನ್ನಬೇಡಿ. ಸುಳ್ಳಿನಿಂದ ಸಿಕ್ಕ ಕೆಲಸದಲ್ಲಿ ಬರಕತ್ ಇರುವುದಿಲ್ಲ.

ಭಾಷೆಯ ಬಗ್ಗೆ ಹೆದರಿಕೆ ಇದೆ. ಇಂಗ್ಲಿಷ್ ಬಾರದು ಎಂದು ಅರ್ಜಿಯನ್ನೇ ಹಾಕದವರಿದ್ದಾರೆ. ನಮ್ಮ ಮಕ್ಕಳು ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಆಡುತ್ತಾರೆ, ಬೀದಿಯಲ್ಲಿ ಕನ್ನಡ, ಹಿಂದಿಯೂ ಬರುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ, ಮೊಬೈಲ್ ಶೋರೂಮಿನಲ್ಲಿ, ಕೊರಿಯರ್ ಕಚೇರಿಯಲ್ಲಿ ಮೂರು ಭಾಷೆ ಬಲ್ಲವನು ಬೇಕು. ಇದನ್ನು ಬಾಯಿಬಿಟ್ಟು ಹೇಳಿ. ಕನ್ನಡವನ್ನು ಓದಿ ಬರೆಯಲು ಚೆನ್ನಾಗಿ ಕಲಿಯಿರಿ, ಇಂಗ್ಲಿಷಿಗೂ ಕೈ ಹಾಕಿ. ಪ್ರವಾದಿವರ್ಯರು(ಸ) ಯುವಕ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹ ಕಲಿಯಲು ಹೇಳಿದಾಗ ಅವರು ಸುಮಾರು ಅರ್ಧ ತಿಂಗಳಲ್ಲಿ ಕಲಿತರು ಎಂದು ಹದೀಸ್‌ನಲ್ಲಿದೆ. ಕಲಿತದ್ದು ಪತ್ರ ಓದಿ ಉತ್ತರ ಬರೆಯುವ ಕೆಲಸಕ್ಕಾಗಿ.

ಫೋನಿನ ಅದಬ್ ಹೇಳುತ್ತೇನೆ. ಜಾಬಿರ್(ರ) ಪ್ರವಾದಿವರ್ಯರ(ಸ) ಬಾಗಿಲು ತಟ್ಟಿದಾಗ "ಯಾರು?" ಎಂಬ ಪ್ರಶ್ನೆ ಬಂತು. ಅವರು "ನಾನು" ಎಂದರು. ಆ ಉತ್ತರ ಪ್ರವಾದಿವರ್ಯರಿಗೆ(ಸ) ಹಿಡಿಸಲಿಲ್ಲ ಎಂದು ಬುಖಾರಿಯಲ್ಲಿದೆ. ನಮ್ಮ ಹುಡುಗರು ಕಂಪನಿಗೆ ಫೋನ್ ಮಾಡಿ "ಹಲೋ, ಕೆಲಸ ಇದೆಯಾ?" ಎನ್ನುತ್ತಾರೆ. ಹೆಸರು ಹೇಳುವುದಿಲ್ಲ, ಎಲ್ಲಿಂದ ಮಾಡುತ್ತಿದ್ದೇನೆಂದು ಹೇಳುವುದಿಲ್ಲ, ಮಾತಾಡಲು ಈಗ ಬಿಡುವಿದೆಯೇ ಎಂದು ಕೇಳುವುದಿಲ್ಲ. ಅರ್ಜಿಯಲ್ಲಿ ಬರೆದ ಇಮೇಲ್ ವಿಳಾಸದಲ್ಲಿ "ಕಿಂಗ್", "ರೋಮಿಯೋ" ಇರುತ್ತದೆ. ಅರ್ಜಿ ಹಾಕಿದ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುವುದಿಲ್ಲ. ಇವೆಲ್ಲ ಸಣ್ಣ ಸಂಗತಿಗಳು, ಒಂದು ಸಂಜೆಯಲ್ಲಿ ಸರಿಪಡಿಸಬಹುದು.

ಹೊತ್ತಿನ ವಿಷಯ. ಪ್ರಪಂಚದಲ್ಲಿ ದಿನಕ್ಕೆ ಐದು ಸಲ ನಿಮಿಷ ನೋಡಿ ಸೇರುವ ಜನ ನಾವು. ಗೋಡೆಯ ಮೇಲೆ ಜಮಾಅತ್ ಹೊತ್ತಿನ ಬೋರ್ಡ್ ಇದೆ. ಒಂದೂವರೆ ಎಂದರೆ ಒಂದೂವರೆ. ಅದೇ ನಾವು ಹತ್ತು ಗಂಟೆಯ ಸಂದರ್ಶನಕ್ಕೆ ಹತ್ತೂವರೆಗೆ ಹೋಗಿ ಟ್ರಾಫಿಕ್ ಎನ್ನುತ್ತೇವೆ.

ಜುಮಾ ನಮಾಝಿನ ಬಗ್ಗೆಯೂ ಇದೇ ಮಾತು. ಕೆಲಸಕ್ಕೆ ಸೇರುವ ದಿನವೇ ಹೇಳಿ: "ಸಾರ್, ಶುಕ್ರವಾರ ಮಧ್ಯಾಹ್ನ ನನಗೆ ಒಂದು ಗಂಟೆ ಬೇಕು. ಊಟದ ಬಿಡುವು ಸೇರಿಸಿಕೊಳ್ಳುತ್ತೇನೆ, ಉಳಿದದ್ದನ್ನು ಸಂಜೆ ತುಂಬಿಕೊಡುತ್ತೇನೆ." ಹೀಗೆ ಮೊದಲೇ ಕೇಳಿದವರಿಗೆ ಇಲ್ಲ ಎಂದವರನ್ನು ನಾನು ಕಂಡದ್ದು ಕಡಿಮೆ. ಹೇಳದೆ ಮಾಯವಾಗಿ, ನಮಾಝ್ ಮುಗಿದ ಮೇಲೆ ಹೋಟೆಲಿನಲ್ಲಿ ಹರಟಿ ಮೂರು ಗಂಟೆಗೆ ಹೋಗುವವನು ತನ್ನ ಕೆಲಸವನ್ನೂ ಕೆಡಿಸುತ್ತಾನೆ, ನಮಾಝಿನ ಹೆಸರನ್ನೂ ಕೆಡಿಸುತ್ತಾನೆ.

ಇಷ್ಟೆಲ್ಲ ಮಾಡಿದರೂ ಕೆಲಸ ಸಿಗದೇ ಹೋಗಬಹುದು. ನಮ್ಮ ಹೆಸರು ನೋಡಿಯೇ ಅರ್ಜಿ ಪಕ್ಕಕ್ಕಿಡುವವರಿದ್ದಾರೆ ಎಂದು ನೀವು ಹೇಳುತ್ತೀರಿ. ಇಲ್ಲ ಎಂದು ನಾನು ಹೇಳುವುದಿಲ್ಲ. ಅನ್ಯಾಯ ಅನ್ಯಾಯವೇ. ಆದರೆ ಏಜೆನ್ಸಿಯವರು ನಮ್ಮ ಹೆಸರು ನೋಡಿ ಬಾಗಿಲು ಮುಚ್ಚಲಿಲ್ಲ. ಬಾಗಿಲು ತೆರೆದಿಟ್ಟವರೂ ಇದ್ದಾರೆ, ಅವರ ಬಳಿಗೆ ನಾವು ಹೇಗೆ ಹೋಗುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಸೂರಃ ನೂರ್‌ನಲ್ಲಿ ಇತರರ ಮನೆಗೆ ಹೋಗುವಾಗ ಅನುಮತಿ ಕೇಳಿ ಸಲಾಮ್ ಹೇಳಬೇಕೆಂಬ ಆದೇಶವಿದೆ. ಹಿಂದಿರುಗಿ ಎಂದರೆ ಹಿಂದಿರುಗಬೇಕು, ಅದೇ ಹೆಚ್ಚು ಶುದ್ಧವಾದ ನಡೆ ಎಂದೂ ಇದೆ. ಇಲ್ಲ ಎಂದವರಿಗೆ ಧನ್ಯವಾದ ಹೇಳಿ, ಎಲ್ಲಿ ಸುಧಾರಿಸಿಕೊಳ್ಳಬೇಕೆಂದು ಕೇಳಿ ಬನ್ನಿ. ಮುಂದೆ ಜಾಗ ಖಾಲಿಯಾದಾಗ ಅವರಿಗೆ ನೆನಪಾಗುವುದು ಹಾಗೆ ಹೊರಟವನ ಮುಖ.

ಸರಕಾರದ ಯುವನಿಧಿ ಯೋಜನೆಗೆ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷ ಎಂದು ಘೋಷಿಸಲಾಯಿತು. ಅರ್ಹತೆ ಇದ್ದರೆ ಪಡೆಯಿರಿ, ನಿಮ್ಮ ಹಕ್ಕು ಅದು. ಆ ಹಣ ಸಂದರ್ಶನದ ಬಸ್ ಚಾರ್ಜಿಗೆ, ಇಸ್ತ್ರಿ ಮಾಡಿದ ಒಂದು ಅಂಗಿಗೆ, ಒಂದು ಕೋರ್ಸಿಗೆ ಹೋಗಲಿ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಕ್ಕೆ ಬರಿಗೈಲಿ ಬಂದರು. ಅನ್ಸಾರಿ ಸಹೋದರ ಅರ್ಧ ಸಂಪತ್ತನ್ನೇ ಕೊಡಲು ಮುಂದಾದಾಗ ಅವರಿಗೆ ದುಆ ಮಾಡಿ, ಮಾರುಕಟ್ಟೆಯ ದಾರಿ ಕೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರದಿಂದ ಶುರು ಮಾಡಿದರು.

ತಂದೆ ತಾಯಂದಿರಿಗೆ ಒಂದು ವಿನಂತಿ. ನಿಮ್ಮ ಮಕ್ಕಳ ಬದಲು ನೀವು ಮಾತನಾಡಬೇಡಿ. ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿನ ಚಲನ್ ತುಂಬುವುದು, ಡಾಕ್ಟರಿಗೆ ಅಜ್ಜಿಯ ತೊಂದರೆ ವಿವರಿಸುವುದು, ಇವನ್ನು ಹತ್ತನೇ ತರಗತಿಯಿಂದಲೇ ಅವರಿಗೆ ಬಿಡಿ. ಹೆಣ್ಣುಮಕ್ಕಳಿಗೂ ಬಿಡಿ. ನಮ್ಮ ಮೊಹಲ್ಲಾದಲ್ಲಿ ಹುಡುಗಿಯರು ಚೆನ್ನಾಗಿ ಓದುತ್ತಿದ್ದಾರೆ. ಆದರೆ ಅವರ ಪರವಾಗಿ ಮೂರು ಜನ ಉತ್ತರ ಕೊಡುತ್ತಾರೆ. ಹಝ್ರತ್ ಖದೀಜಾ(ರ) ವ್ಯಾಪಾರಿಯಾಗಿದ್ದರು. ತಮ್ಮ ಸರಕನ್ನು ಯಾರ ಕೈಯಲ್ಲಿ ಕಳಿಸಬೇಕೆಂದು ಅವರೇ ಆರಿಸಿದರು, ಪ್ರಾಮಾಣಿಕತೆಯನ್ನು ನೋಡಿ ಆರಿಸಿದರು. ಹಯಾ ಎಂದರೆ ಮೂಕತನವಲ್ಲ.

ಅಂಗಡಿ, ಗ್ಯಾರೇಜು, ಹೋಟೆಲು ನಡೆಸುವ ಸಹೋದರರಿಗೂ ಮಾತಿದೆ. ಹೊಸ ಹುಡುಗನಿಗೆ ಅದಬ್ ಬೇಕು, ಯಜಮಾನನಿಗೆ ಬೇಡವೇ? ಹಝ್ರತ್ ಅನಸ್(ರ) ಬಾಲಕನಾಗಿದ್ದಾಗಿನಿಂದ ಸುಮಾರು ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬೇಸರದ ಉದ್ಗಾರ ಕೇಳಲಿಲ್ಲ, ಇದನ್ನೇಕೆ ಮಾಡಿದೆ ಎಂದು ಗದರಿಸಿಕೊಳ್ಳಲಿಲ್ಲ ಎಂದು ಅವರೇ ಹೇಳಿದ್ದಾರೆ. ತಪ್ಪನ್ನು ಪಕ್ಕಕ್ಕೆ ಕರೆದು ತಿದ್ದಿ. ಸಂಬಳವನ್ನು ಬೆವರು ಆರುವ ಮೊದಲು ಕೊಡಬೇಕೆಂಬ ಪ್ರವಾದಿವರ್ಯರ(ಸ) ತಾಕೀತು ನೆನಪಿಡಿ.

ನಾನು ಮಾಡಿದ್ದನ್ನೂ ಹೇಳಬೇಕು. ಈಗ ಮಕ್ತಬಿನಲ್ಲಿ ಒಂದು ನಿಯಮ ಇದೆ. ಸಬಕ್ ಮರೆತ ಮಗು "ಮರೆತೆ ಹಝ್ರತ್, ಇನ್ನೊಮ್ಮೆ ಹೇಳಿಕೊಡಿ" ಎನ್ನಬೇಕು. ಹಾಗೆ ಹೇಳಿದ ಮಗುವಿಗೆ ಗದರಿಕೆ ಇಲ್ಲ. ಮೊದಮೊದಲು ಮಕ್ಕಳಿಗಿಂತ ನನಗೇ ಕಷ್ಟವಾಯಿತು.

ಮೊನ್ನೆ ಧೈರ್ಯ ಮಾಡಿ ಆ ಏಜೆನ್ಸಿಗೆ ಮತ್ತೆ ಹೋದೆ. ಇನ್ನೊಬ್ಬ ಹುಡುಗನ ವಿಷಯ ಎತ್ತಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಬರಲಿ. ಆದರೆ ನೀವು ಜೊತೆಗೆ ಬರಬೇಡಿ, ಫೋನೂ ಮಾಡಬೇಡಿ. ಅವನ ಮಾತು ಅವನೇ ಆಡಲಿ." ಹುಡುಗ ಒಬ್ಬನೇ ಹೋಗಿ ಬಂದ. ಒಂದು ತಿಂಗಳು ನೋಡೋಣ ಎಂದಿದ್ದಾರಂತೆ. ಈಗ ಎರಡನೆಯ ವಾರ ನಡೆಯುತ್ತಿದೆ. ಅವನಿಗಾಗಿ ದುಆ ಮಾಡಿ. ಅವನು ಉಳಿದರೆ ಆ ಬಾಗಿಲು ಇನ್ನೊಬ್ಬನಿಗೂ ತೆರೆದಿರುತ್ತದೆ.

ಇನ್ನು ಮುಂದೆ ಭಾನುವಾರ ಅಸರ್ ನಮಾಝಿನ ನಂತರ ಮಕ್ತಬಿನ ಕೋಣೆಯಲ್ಲಿ ಒಂದು ಗಂಟೆ ಕೂರೋಣ. ಜಮಾಅತಿನಲ್ಲಿ ಉದ್ಯೋಗದಲ್ಲಿರುವ ಇಬ್ಬರು ಮೇಜಿನ ಆಚೆ ಕೂತು ಪ್ರಶ್ನೆ ಕೇಳುತ್ತಾರೆ, ನೀವು ಉತ್ತರ ಕೊಡಿ. ತಪ್ಪಾದರೆ ನಗುವವರು ಅಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಗೊತ್ತು ಮಾಡಲು ಮೊಹಲ್ಲಾದ ಶಿಕ್ಷಕಿಯೊಬ್ಬರು ಒಪ್ಪಿದ್ದಾರೆ. ತಂದೆಯವರು ಮಗನನ್ನು ಬಾಗಿಲವರೆಗೆ ಬಿಟ್ಟು ಹೋದರೆ ಸಾಕು.

ಯಾ ಅಲ್ಲಾಹ್, ನಮ್ಮ ಮಕ್ಕಳ ನಾಲಗೆಗೆ ಸತ್ಯವನ್ನೂ ಸ್ಪಷ್ಟತೆಯನ್ನೂ ಕೊಡು. ಅವರಿಗೆ ಹಲಾಲ್ ರಿಝ್ಕ್ ಕೊಡು. ನಮ್ಮ ಮೇಲೆ ವಿಶ್ವಾಸವಿಟ್ಟವರ ವಿಶ್ವಾಸ ಉಳಿಸಿಕೊಳ್ಳುವ ತೌಫೀಕ್ ಕೊಡು. ಕಲಿಸುವವರಾದ ನಮ್ಮ ತಪ್ಪುಗಳನ್ನು ಮನ್ನಿಸು. ಆಮೀನ್.